ಅಜ್ಜಿಯ ಮುದಿ ಆಡು ಮತ್ತು ಲಿವರಿನ ಗಂಟು

ಪಶುವೈದ್ಯನಾಗಿ 16 ವರ್ಷದಲ್ಲಿ ಆಡು, ಕುರಿಗಳ ಲಿವರ್ ಲೆಕ್ಕವಿಲ್ಲದಷ್ಟು ಕೊಯ್ದು ನೋಡಿದ್ದೇನೆ. ಕ್ಯಾನ್ಸರ್ ಅಂತ ಖಾತ್ರಿಯಾಗಿದ್ದು ಒಂದೇ ಒಂದರಲ್ಲಿ. ನಮ್ಮ ಕಡೆ ಆಡುಗಳು ಹೆಚ್ಚಾಗಿ ಒಂದೆರಡು ವರ್ಷದೊಳಗೆ ಸಂತೆಗೋ ಹಬ್ಬಕ್ಕೋ ಹೋಗಿಬಿಡುತ್ತವೆ. ಗಡ್ಡೆ ಬೆಳೆಯುವಷ್ಟು ವಯಸ್ಸೇ ಅವಕ್ಕೆ ಸಿಗುವುದಿಲ್ಲ.

ಈ ಆಡಿಗೆ ಸಿಕ್ಕಿತ್ತು. ಬಾಯಿಗೂಡಿ, ಅಂದರೆ ಎಲ್ಲ ಹಲ್ಲೂ ಬಂದು, ಎಷ್ಟೋ ವರ್ಷವಾಗಿ ಹಲ್ಲು ಸವೆದಿದ್ದವು. "ಇದರ ಹಾಲು ಕುಡಿದೇ ಮೊಮ್ಮಗ ದೊಡ್ಡವನಾಗಿದ್ದು ಡಾಕ್ಟ್ರೇ, ಮಾರೋಕೆ ಮನಸ್ಸು ಬರಲಿಲ್ಲ" ಅಂದಿದ್ದರು ಅಜ್ಜಿ. ಎರಡು ತಿಂಗಳಿಂದ ಸೊರಗಿತ್ತು. ದವಡೆ ಕೆಳಗೆ ನೀರು ತುಂಬಿದ ಬಾವು, ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ಕೆರೆಯಂಗಳದಲ್ಲಿ ಮೇಯುವ ಆಡು, ಅಲ್ಲಿ ಬಸವನಹುಳು ಬೇರೆ. ಬಸವನಹುಳುವಿನ ಮೂಲಕ ಹರಡುವ ಲಿವರ್ ಹುಳವೇ ಅಂದುಕೊಂಡು ಔಷಧಿ ಕೊಟ್ಟೆ. ಹದಿನೈದು ದಿನಕ್ಕೆ ಸತ್ತಿತು.

ಅಜ್ಜಿಯನ್ನು ಒಪ್ಪಿಸಿ ಹೊಟ್ಟೆ ಕೊಯ್ದೆ. ಲಿವರ್ ತುಂಬಾ ಬೆಳ್ಳಗಿನ ಗಟ್ಟಿ ಗಂಟುಗಳು, ಕಡಲೆಕಾಳಿನಿಂದ ನಿಂಬೆಹಣ್ಣಿನ ಗಾತ್ರದವರೆಗೆ. ಆಡಿನ ಲಿವರಿನಲ್ಲಿ ಗಂಟು ಕಂಡರೆ ಮೊದಲು ಕ್ಯಾನ್ಸರ್ ನೆನಪಾಗಬಾರದು. ನಾಯಿಯಿಂದ ಬರುವ ಜಂತಿನ ನೀರುಗುಳ್ಳೆ ಇರಬಹುದು, ಕುಯ್ದರೆ ನೀರು ಚಿಮ್ಮುತ್ತದೆ. ಕೀವುಗಡ್ಡೆಯಾದರೆ ಕೀವು ಬರುತ್ತದೆ. ಕ್ಷಯದ ಗಂಟಾದರೆ ಚಾಕುವಿಗೆ ಮರಳು ತಾಗಿದಂತಾಗುತ್ತದೆ. ಇಲ್ಲಿ ಮೂರೂ ಇರಲಿಲ್ಲ. ನಡುವೆ ಹೊಕ್ಕುಳಿನ ಹಾಗೆ ತಗ್ಗು, ಕುಯ್ದರೆ ಒಣ, ಬಿಳಿ ತಿರುಳು. ಶ್ವಾಸಕೋಶದಲ್ಲೂ ಅಂಥವೇ ಪುಟ್ಟ ಗಂಟುಗಳು. ಆಗ ಅನುಮಾನ ಬಂತು.

ಹಳೇ ತಪ್ಪೊಂದು ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಸುವಿನ ಲಿವರ್ ಗಡ್ಡೆಯನ್ನು ಇಡಿಯಾಗಿ ಬಾಟಲಿಗೆ ತುರುಕಿ ಲ್ಯಾಬಿಗೆ ಕಳಿಸಿದ್ದೆ. ಹೊರಗೆ ಗಟ್ಟಿಯಾಗಿತ್ತು, ಒಳಗೆ ಕೊಳೆತಿತ್ತು. "ಪರೀಕ್ಷೆಗೆ ಯೋಗ್ಯವಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು. ಮರ್ಯಾದೆ ಹೋದಂಗಾಯ್ತು. ಈ ಸಲ ಅರ್ಧ ಸೆಂಟಿಮೀಟರ್‌ಗಿಂತ ದಪ್ಪವಿಲ್ಲದ ತುಂಡು ಮಾಡಿದೆ. ಗಂಟು, ಅದಕ್ಕೆ ತಾಗಿದ ಚೆನ್ನಾಗಿರುವ ಭಾಗ, ಎರಡೂ ಒಂದೇ ತುಂಡಿನಲ್ಲಿ ಬರಬೇಕು. ತುಂಡು ಕೊಳೆಯದಂತೆ ಕಾಯುವ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು. ತುಂಡುಗಳ ಹತ್ತರಷ್ಟು ದ್ರಾವಣ, ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ. ಫ್ರೀಜರ್‌ನಲ್ಲಿ ಮಾತ್ರ ಇಡಲಿಲ್ಲ. ಹಾಗಿಟ್ಟರೆ ಕೋಶಗಳು ಒಡೆದುಹೋಗುತ್ತವೆ.

ಪಿತ್ತನಾಳದ ಕ್ಯಾನ್ಸರ್, ಅಂದರೆ ಕೊಲಾಂಜಿಯೋಕಾರ್ಸಿನೋಮ, ಅಂತ ವರದಿ ಬಂತು. ಲಿವರಿನ ಸ್ವಂತ ಕೋಶದ ಕ್ಯಾನ್ಸರ್ ಬೇರೆ. ಅದು ಹೆಚ್ಚಾಗಿ ಒಂದೇ ದೊಡ್ಡ, ಮೆತ್ತಗಿನ ಗಡ್ಡೆಯಾಗಿ ಕಾಣುತ್ತದೆ.

ಅಜ್ಜಿಗೆ ಹೇಳಲು ಹೋದೆ. "ಬೂಸ್ಟು ಹಿಡಿದ ಶೇಂಗಾ ಹಿಂಡಿ ಹಾಕಿದ್ದೆ, ಅದಕ್ಕಾ?" ಅಂದರು. ಪ್ರಶ್ನೆ ಸುಮ್ನೆ ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಅಂಥ ಹಿಂಡಿಯಿಂದಲೇ. ಅಫ್ಲಟಾಕ್ಸಿನ್ ಪತ್ತೆಯಾಗಿದ್ದೂ ಹಾಗೇ. ಅದು ಬೂಸ್ಟಿನಿಂದ ಹುಟ್ಟುವ, ಲಿವರ್ ಕ್ಯಾನ್ಸರ್ ತರುವ ವಿಷ. ಆದರೆ ಸತ್ತ ಒಂದು ಆಡಿನ ಲಿವರ್ ನೋಡಿ ಇದೇ ಕಾರಣ ಅನ್ನೋಕಾಗಲ್ಲ. ಹಾಗೇ ಹೇಳಿದೆ. ಹಿಂಡಿ ಮಾತ್ರ ತಿಪ್ಪೆಗೆ ಹಾಕಿಸಿದೆ.

"ಉಳಿದವಕ್ಕೆ ಅಂಟುತ್ತಾ?"

"ಇಲ್ಲ ಅಜ್ಜಿ."

ಹಾಗಾದರೆ ಅಂತ ಮರಿಗಳನ್ನು ಜಂತಿನ ಔಷಧಿಗೆ ಹಿಡಿದುಕೊಂಡು ಬಂದರು.