ಎಚ್‌ಡಿ ಅಂತ ಬರೆದಿದ್ದರೆ ಸಾಕಾ? ನಾನು ಚಾನೆಲ್ ಅಳೆದು ನೋಡಿದ ಬಗೆ

ದಾವಣಗೆರೆ ಸುತ್ತಮುತ್ತ ಡಿಶ್ ಕೂರಿಸುವುದು, ಟಿವಿ ರಿಪೇರಿ ಮಾಡುವುದು ನನ್ನ ಕೆಲಸ. ಜನ ಜಾಸ್ತಿ ಕೇಳುವುದು ಇದನ್ನೇ: "ಚಾನೆಲ್ ಎಚ್‌ಡಿ ಅಂತೆ, ಆದ್ರೂ ಚಿತ್ರ ಯಾಕೆ ಕಲಸಿದ ಹಾಗೆ ಕಾಣುತ್ತೆ?" ಮೊದಲು ನಾನು ವೈರ್ ನೋಡುತ್ತೇನೆ. ಎಷ್ಟೋ ಮನೆಗಳಲ್ಲಿ ಎಚ್‌ಡಿ ಬಾಕ್ಸ್ ಇರುತ್ತದೆ, ಆದರೆ ಟಿವಿಗೆ ಹೋಗಿರುವುದು ಅದೇ ಹಳೇ ಕೆಂಪು-ಹಳದಿ-ಬಿಳಿ ಪಿನ್. ಆ ಹಳದಿ ಪಿನ್ನಲ್ಲಿ ಎಚ್‌ಡಿ ಹೋಗುವುದೇ ಇಲ್ಲ. ಎಚ್‌ಡಿಎಂಐ ವೈರ್ ಹಾಕಿದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಉಳಿದ ಅರ್ಧಕ್ಕೆ ಸುಮ್ನೆ ಊಹೆಯ ಉತ್ತರ ಕೊಡುವುದು ನನಗೆ ಇಷ್ಟ ಇರಲಿಲ್ಲ. ಹಾಗಾಗಿ ಚಾನೆಲ್‌ಗಳನ್ನು ರೆಕಾರ್ಡ್ ಮಾಡಿ ಅಳೆಯಲು ಶುರು ಮಾಡಿದೆ.

ದುಬಾರಿ ಸಾಮಾನು ಏನೂ ಬೇಕಾಗಲಿಲ್ಲ. ಡಿವಿಬಿ-ಎಸ್2 (ಉಪಗ್ರಹ ಪ್ರಸಾರದ ಹೊಸ ಪದ್ಧತಿ) ಹಿಡಿಯುವ, ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡುವ ಒಂದು ಫ್ರೀ-ಟು-ಏರ್ (ಚಂದಾ ಇಲ್ಲದ ಚಾನೆಲ್‌ಗಳ) ಬಾಕ್ಸ್ ಮತ್ತು ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್, ಅಷ್ಟೇ. ಡಿಶ್ ತಿರುಗಿಸಿದ್ದು ಜಿಸ್ಯಾಟ್-15ರ ಕಡೆಗೆ. 93.5 ಡಿಗ್ರಿ ಪೂರ್ವದಲ್ಲಿರುವ ಈ ಉಪಗ್ರಹದಿಂದಲೇ ಡಿಡಿ ಫ್ರೀ ಡಿಶ್ ಬರುತ್ತದೆ. ನಮ್ಮ ದಾವಣಗೆರೆಯಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಸುಮಾರು 128 ಡಿಗ್ರಿಗೆ, ನೆಲದಿಂದ ಸುಮಾರು 63 ಡಿಗ್ರಿ ಎತ್ತರಕ್ಕೆ ಇದೆ. ಇಷ್ಟು ಮೇಲಿರುವುದರಿಂದ ಚನ್ನಗಿರಿ ಕಡೆಯ ತೋಟದ ಮನೆಗಳಲ್ಲೂ ಅಡಿಕೆ ಮರ ತೀರಾ ಮಗ್ಗುಲಲ್ಲೇ ಇದ್ದರೆ ಮಾತ್ರ ಅಡ್ಡ ಬರುತ್ತದೆ.

ಇಂಥ ಬಾಕ್ಸ್ ರೆಕಾರ್ಡ್ ಮಾಡುವಾಗ ಚಿತ್ರವನ್ನು ಮತ್ತೆ ಕುಗ್ಗಿಸುವುದಿಲ್ಲ. ಉಪಗ್ರಹದಿಂದ ಬಂದದ್ದನ್ನು ಹಾಗೇ ಟಿಎಸ್ ಫೈಲ್ ಆಗಿ ಬರೆದಿಡುತ್ತದೆ. ಆದ್ದರಿಂದ ಫೈಲ್ ಅಳೆದರೆ ಪ್ರಸಾರವನ್ನೇ ಅಳೆದಂತೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಫೈಲ್ ತೆರೆದು, ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಮಾಹಿತಿ ನೋಡಿದರೆ ಚಿತ್ರ ಕುಗ್ಗಿಸಿದ ಫಾರ್ಮ್ಯಾಟ್ ಹಳೇ ಎಂಪೆಗ್-2ನೋ, ಅದರ ನಂತರದ ಎಚ್.264ನೋ (ಡಬ್ಬಿಗಳ ಮೇಲೆ ಎಂಪೆಗ್-4 ಅನ್ನುವುದು ಇದನ್ನೇ) ಗೊತ್ತಾಗುತ್ತದೆ. ರೆಸಲ್ಯೂಶನ್ನೂ ಅಲ್ಲೇ ಇರುತ್ತದೆ. ಅದನ್ನು ಗಮನ ಇಟ್ಟು ನೋಡಿ. ಎಚ್‌ಡಿ ಅಂದರೆ 1920×1080 ಅಂದುಕೊಂಡಿರುತ್ತೇವೆ, ಅಲ್ವಾ? ಕೆಲವು ಕಡೆ 1440×1080 ಕಳಿಸುತ್ತಾರೆ, ಬಾಕ್ಸ್ ಅದನ್ನು ಅಡ್ಡಕ್ಕೆ ಎಳೆದು ಪರದೆ ತುಂಬಿಸುತ್ತದೆ. ಕಾಲು ಭಾಗ ಪಿಕ್ಸೆಲ್ ಅಲ್ಲಿಗೇ ಹೋಯಿತು.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ (ಎಂಬಿಪಿಎಸ್) ಬರುತ್ತದೆ ಅಂತ ತಿಳಿಯಲು ಸಾಫ್ಟ್‌ವೇರ್ ಕೂಡ ಬೇಡ. ಅರ್ಧ ಗಂಟೆ ರೆಕಾರ್ಡ್ ಮಾಡಿ ಫೈಲ್ ಸೈಜ್ ನೋಡಿ. 1 ಜಿಬಿ ಅಂದರೆ 8,000 ಮೆಗಾಬಿಟ್. ಅದನ್ನು 1,800 ಸೆಕೆಂಡಿಗೆ ಭಾಗಿಸಿದರೆ ಸುಮಾರು 4.4 ಎಂಬಿಪಿಎಸ್ ಬಂತು. ಧ್ವನಿಯೂ ಅದರಲ್ಲೇ ಸೇರಿರುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗೆ ಫೈಲ್ ತುಂಡಾಗುತ್ತದೆ. ಎಲ್ಲ ತುಂಡೂ ಕೂಡಿಸಿ ಲೆಕ್ಕ ಹಾಕಬೇಕು.

ಈ 4.4 ಜಾಸ್ತಿಯೋ ಕಡಿಮೆಯೋ? ನಮ್ಮಲ್ಲಿ ಎಚ್‌ಡಿ ಬರುವುದು 1080ಐ (ಗೆರೆ ಬಿಟ್ಟು ಗೆರೆಯಂತೆ ಎರಡು ಕಂತಿನಲ್ಲಿ ಬರುವ ಚಿತ್ರ), ಸೆಕೆಂಡಿಗೆ 25 ಫ್ರೇಮ್. ಕುಗ್ಗಿಸದೇ ಕಳಿಸಿದರೆ ಸುಮಾರು 622 ಎಂಬಿಪಿಎಸ್ ಬೇಕು, ಅದೂ ಬಣ್ಣದ ವಿವರ ಕಾಲು ಭಾಗಕ್ಕೆ ಇಳಿಸಿದ ಮೇಲೆ. ಇಡೀ ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ (ಹಲವು ಚಾನೆಲ್ ಒಟ್ಟಿಗೆ ಹೊರುವ ಉಪಗ್ರಹದ ಒಂದು ದಾರಿ) ಎಷ್ಟು ಹಿಡಿಸುತ್ತದೆ? 29,500ರ ಸಿಂಬಲ್ ರೇಟ್ (ಸಿಗ್ನಲ್ ಕಳಿಸುವ ವೇಗ) ಇಟ್ಟುಕೊಂಡರೆ ಹಳೆಯ ಡಿವಿಬಿ-ಎಸ್‌ನಲ್ಲಿ, 3/4 ಎಫ್‌ಇಸಿ (ನಾಲ್ಕರಲ್ಲಿ ಒಂದು ಪಾಲು ತಪ್ಪು ತಿದ್ದಲು ಮೀಸಲು) ಇದ್ದಾಗ, ಸುಮಾರು 40 ಎಂಬಿಪಿಎಸ್. ಡಿವಿಬಿ-ಎಸ್2, 8ಪಿಎಸ್‌ಕೆ (ಅದೇ ಸಿಗ್ನಲ್‌ನಲ್ಲಿ ಹೆಚ್ಚು ಬಿಟ್ ತುಂಬುವ ವಿಧಾನ) ಆದರೆ ಸುಮಾರು 65. ಎಂಪೆಗ್-2ರಲ್ಲಿ ಒಂದು ಒಳ್ಳೆ ಎಚ್‌ಡಿ ಚಾನೆಲ್‌ಗೆ 15ರ ಮೇಲೆ ಬೇಕು. ಅಂದರೆ ಹಳೇ ದಾರಿಯಲ್ಲಿ ಎರಡು ಚಾನೆಲ್ ಹಾಕಿದರೆ ಮೂರನೆಯದಕ್ಕೆ ಜಾಗ ಇಲ್ಲ. ಎಚ್.264 ಬಂದದ್ದು 2003ರಲ್ಲಿ. ಅದಕ್ಕೆ 6ರಿಂದ 8 ಸಾಕು. ಡಿಟಿಎಚ್‌ನಲ್ಲಿ ಎಚ್‌ಡಿ ಕೈಗೆಟುಕಿದ್ದು ಡಿವಿಬಿ-ಎಸ್2, ಎಚ್.264 ಎರಡೂ ಕೂಡಿದ್ದರಿಂದ.

ಆ 65 ಎಂಬಿಪಿಎಸ್ ಕೂಡ ಎಲ್ಲ ಚಾನೆಲ್‌ಗೂ ಸಮ ಪಾಲಾಗುವುದಿಲ್ಲ. ಸ್ಟ್ಯಾಟ್‌ಮಕ್ಸ್ ಅಂತ ಒಂದು ವ್ಯವಸ್ಥೆ ಇದೆ. ಕ್ರಿಕೆಟ್ ಓಡುತ್ತಿರುವ ಚಾನೆಲ್‌ಗೆ ಆ ಕ್ಷಣ ಹೆಚ್ಚು ಬಿಟ್, ವಾರ್ತೆ ಓದುವವರು ಕೂತಿರುವ ಚಾನೆಲ್‌ಗೆ ಕಡಿಮೆ. ಭದ್ರಾ ನಾಲೆಯ ನೀರಿನ ಹಾಗೆ: ಎಲ್ಲರಿಗೂ ಒಟ್ಟಿಗೇ ಬೇಕಾದಾಗ ಕೊನೆ ಭಾಗದವರಿಗೆ ಕೊರತೆ. ಅದಕ್ಕೇ ಒಂದೇ ಚಾನೆಲ್ಲನ್ನು ಮಧ್ಯಾಹ್ನ ಅಳೆದರೆ ಒಂದು ಲೆಕ್ಕ, ರಾತ್ರಿ ಅಳೆದರೆ ಇನ್ನೊಂದು.

ಬಿಟ್ ಸಾಲದಾದಾಗ ಎರಡು ಫಾರ್ಮ್ಯಾಟೂ ಬೇರೆ ಬೇರೆ ಥರ ಕೆಡುತ್ತವೆ. ಎಂಪೆಗ್-2 ಚಿತ್ರವನ್ನು 8×8ರ ಚೌಕಗಳಲ್ಲಿ ಕುಗ್ಗಿಸುತ್ತದೆ, ಆ ಚೌಕಗಳೇ ಎದ್ದು ಕಾಣುತ್ತವೆ. ಎಚ್.264ರಲ್ಲಿ ಚೌಕದ ಅಂಚು ನಯ ಮಾಡುವ ಡಿಬ್ಲಾಕಿಂಗ್ ಫಿಲ್ಟರ್ ಒಳಗೇ ಇದೆ. ಹಾಗಾಗಿ ಚೌಕದ ಬದಲು ವಿವರವೇ ಅಳಿಸಿಹೋಗುತ್ತದೆ. ಮೈದಾನದ ಹುಲ್ಲು ಹಸಿರು ಬಣ್ಣ ಬಳಿದಂತೆ, ಮುಖದ ಚರ್ಮ ಮೇಣದಂತೆ. ಜನ "ಕಲಸಿದ ಹಾಗೆ" ಅನ್ನುವುದು ಇದನ್ನೇ.

ಹೋಲಿಸಿ ನೋಡಲು ನನ್ನ ಮೆಚ್ಚಿನ ಪರೀಕ್ಷೆ ಮೈಸೂರು ದಸರಾದ ಜಂಬೂ ಸವಾರಿ. ಜನಜಂಗುಳಿ, ಹಾರುವ ಹೂವಿನ ಎಸಳು, ಅಂಬಾರಿಯ ಮಿನುಗು, ನಿಧಾನಕ್ಕೆ ತಿರುಗುವ ಕ್ಯಾಮೆರಾ, ಎಲ್ಲವೂ ಒಂದೇ ಫ್ರೇಮಿನಲ್ಲಿ. ಹಿಂದಿನ ಫ್ರೇಮಿನಿಂದ ಎರವಲು ತಂದು ಕೆಲಸ ಸಾಗಿಸುವುದೇ ಈ ಫಾರ್ಮ್ಯಾಟ್‌ಗಳ ಉಪಾಯ. ಎಸಳು ಉದುರುವಾಗ ಎರವಲು ತರಲು ಏನೂ ಸಿಗುವುದಿಲ್ಲ. ಧಾರಾವಾಹಿಯ ನಡುಮನೆ ದೃಶ್ಯ ನೋಡಿ ಚಾನೆಲ್‌ಗೆ ಅಂಕ ಕೊಟ್ಟರೆ ಎಲ್ಲವೂ ಪಾಸ್.

ಮಳೆಗಾಲದಲ್ಲಿ ಇನ್ನೊಂದು ಗೊಂದಲ. ಡಿಟಿಎಚ್ ಬರುವ ಕೆಯು ಬ್ಯಾಂಡ್ ಸಿಗ್ನಲ್ಲನ್ನು ಜೋರು ಮಳೆ ನುಂಗುತ್ತದೆ, ಆಗಲೂ ಚೌಕಗಳು ಬರುತ್ತವೆ. ಗುರುತು ಹಿಡಿಯುವುದು ಸುಲಭ. ಸಿಗ್ನಲ್ ತೊಂದರೆ ಆದರೆ ಚಿತ್ರ ತಟ್ಟನೆ ಚೂರಾಗುತ್ತದೆ, ನಿಲ್ಲುತ್ತದೆ, ಧ್ವನಿಯೂ ಕಡಿಯುತ್ತದೆ, ಕ್ವಾಲಿಟಿ ಪಟ್ಟಿ ಇಳಿದಿರುತ್ತದೆ. ಧ್ವನಿ ಸರಿಯಾಗಿದ್ದು, ಕ್ವಾಲಿಟಿ ಅಲ್ಲಾಡದೆ, ಓಡಾಟ ಜಾಸ್ತಿ ಇದ್ದಾಗ ಮಾತ್ರ ಚಿತ್ರ ಕೆಟ್ಟರೆ ಅದು ಕಂಪ್ರೆಶನ್. ಇದಕ್ಕೆ ದೊಡ್ಡ ಡಿಶ್ ಹಾಕಿದರೂ, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಬದಲಿಸಿದರೂ ಉಪಯೋಗ ಇಲ್ಲ. ಗಿರಾಕಿಗಳಿಗೆ ನಾನೇ ಬೇಡ ಅಂತ ಹೇಳುತ್ತೇನೆ. ಟಿವಿಯ ಶಾರ್ಪ್‌ನೆಸ್ ಇಳಿಸಿ ಕೊಟ್ಟು ಬರುತ್ತೇನೆ. ಕಣ್ಣಿಗೆ ಸ್ವಲ್ಪ ಹಿತ ಆಗುತ್ತದೆ.

ಬಾಕ್ಸ್ ಕೊಳ್ಳುವವರಿಗೆ ಒಂದು ಮಾತು. ಎಂಪೆಗ್-2 ಮಾತ್ರ ಗೊತ್ತಿರುವ ಹಳೇ ಬಾಕ್ಸ್‌ನಲ್ಲಿ ಫ್ರೀ ಡಿಶ್‌ನ ಎಂಪೆಗ್-4 ಚಾನೆಲ್‌ಗಳು ಬರುವುದಿಲ್ಲ. ಡಿಶ್ ಎಷ್ಟು ಅಲ್ಲಾಡಿಸಿದರೂ ಅಷ್ಟೇ. ಡಬ್ಬಿಯ ಮೇಲೆ ಡಿವಿಬಿ-ಎಸ್2 ಮತ್ತು ಎಂಪೆಗ್-4 ಎರಡೂ ಇದೆಯಾ ನೋಡಿ. ಎಚ್.265, ಅಂದರೆ ಎಚ್‌ಇವಿಸಿ ಕೂಡ ಇದ್ದರೆ ಇನ್ನೂ ಒಳ್ಳೆಯದು. 2013ರಲ್ಲಿ ಬಂದ ಈ ಫಾರ್ಮ್ಯಾಟ್ 64×64ರಷ್ಟು ದೊಡ್ಡ ಚೌಕ ಬಳಸಿ, ಹೆಚ್ಚುಕಡಿಮೆ ಅರ್ಧ ಬಿಟ್‌ನಲ್ಲಿ ಅದೇ ಗುಣಮಟ್ಟ ಕೊಡುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಜಾಗ ಉಳಿಸಲು ನಾನೂ ಕೆಲವು ರೆಕಾರ್ಡಿಂಗ್‌ಗಳನ್ನು ಎಚ್.265ಕ್ಕೆ ಬದಲಿಸಿದ್ದೇನೆ. ಮೊದಲು ಡಿಇಂಟರ್ಲೇಸ್ ಮಾಡಲೇಬೇಕು (1080ಐನ ಎರಡು ಕಂತಿನ ಗೆರೆಗಳನ್ನು ಪೂರ್ತಿ ಚಿತ್ರ ಮಾಡುವುದು), ಇಲ್ಲದಿದ್ದರೆ ಓಡುವ ವಸ್ತುವಿನ ಅಂಚಿನಲ್ಲಿ ಅಡ್ಡಗೆರೆಗಳು ಉಳಿಯುತ್ತವೆ. ಹಳೇ ಲ್ಯಾಪ್‌ಟಾಪ್ ರಾತ್ರಿಯಿಡೀ ಬಿಸಿಯಾಗಿ ಕೂರುತ್ತದೆ. ವಾರ್ತೆ, ಸಂದರ್ಶನಕ್ಕೆ ಇದು ನಡೆಯುತ್ತದೆ. ಜಂಬೂ ಸವಾರಿಯ ಟಿಎಸ್ ಫೈಲ್ ಮಾತ್ರ ಮುಟ್ಟಿಲ್ಲ. ಒಮ್ಮೆ ಕುಗ್ಗಿದ್ದನ್ನು ಮತ್ತೆ ಕುಗ್ಗಿಸಿದರೆ ಉಳಿದ ಎಸಳುಗಳೂ ಹೋಗುತ್ತವೆ.