ನೆಫ್ಯೂ ಅಂದ್ರೆ ತಮ್ಮನ ಮಗನೋ, ಸೋದರಳಿಯನೋ?

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಥಾಮಸ್ ವಿಲಿಯಂ ಕುಕ್ ಎಂಬ ದೊಡ್ಡ ಜಮೀನ್ದಾರ ಇದ್ದ. 1754ರಲ್ಲಿ ಹುಟ್ಟಿ 1842ರಲ್ಲಿ ತೀರಿಕೊಂಡವನು. ಅವನ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯಲು ಕೂತಾಗ ಪಾರ್ಲಿಮೆಂಟಿನ ರಾಜಕೀಯ ತಲೆ ತಿನ್ನುತ್ತದೆ ಅಂದುಕೊಂಡಿದ್ದೆ. ತಲೆ ತಿಂದದ್ದು ನೆಂಟಸ್ತಿಕೆ.

ಮೊದಲ ಎಡವಟ್ಟು ಹೆಸರಿನಲ್ಲೇ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಯಾರಾದರೂ ‘ಕೋಕ್’ ಅಂತಲೇ ಓದುತ್ತಾರೆ. ನಾನೂ ಅರ್ಧ ಲೇಖನ ಹಾಗೇ ಬರೆದೆ. ಆಮೇಲೆ ಗೊತ್ತಾಯಿತು, ಆ ಮನೆತನದ ಹೆಸರನ್ನು ‘ಕುಕ್’ ಎಂದು ಹೇಳಬೇಕು. ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ತಪ್ಪು ಕಾಣುತ್ತಲೇ ಇರಲಿಲ್ಲ. ಕನ್ನಡ ಲಿಪಿಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ.

ಎರಡನೆಯದು, ಎಲ್ಲರೂ ಥಾಮಸ್, ಎಲ್ಲರೂ ಎಡ್ವರ್ಡ್. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ವಂಶವೃಕ್ಷ ಬರೆಯಲು ಶುರು ಮಾಡಿದೆ. ನನ್ನ ಅನುಕೂಲಕ್ಕೆ ಅಡ್ಡಹೆಸರು ಇಟ್ಟೆ. ಮನೆತನದ ಹೋಲ್ಕಂ ಅರಮನೆ ಕಟ್ಟಿಸಿದವನು ‘ಮನೆ ಥಾಮಸ್’. ನನ್ನ ಕಥಾನಾಯಕ ‘ಹೊಲದ ಥಾಮಸ್’. ಅವನ ಮಗ ‘ಮರಿ ಥಾಮಸ್’. ಲೇಖನದಲ್ಲಿ ಇವು ಇಲ್ಲ, ಆದರೆ ಇವಿಲ್ಲದೆ ಲೇಖನವೂ ಆಗುತ್ತಿರಲಿಲ್ಲ.

ನಿಜವಾದ ಗಂಟು ‘ನೆಫ್ಯೂ’ ಎಂಬ ಪದ. ಮನೆ ಥಾಮಸ್‌ನ ಒಬ್ಬನೇ ಮಗ 1753ರಲ್ಲಿ ಮಕ್ಕಳಿಲ್ಲದೆ ಸತ್ತ. ಅಪ್ಪ 1759ರಲ್ಲಿ. ವಿಧವೆ ಮಾರ್ಗರೆಟ್ 1775ರವರೆಗೆ ಬದುಕಿದ್ದಳು. ಅವಳ ನಂತರ ಆಸ್ತಿ ನೆಫ್ಯೂ ವೆನ್ಮನ್‌ಗೆ ಬಂತು. ಕನ್ನಡದಲ್ಲಿ ನೆಫ್ಯೂ ಅಂತ ಬರೆದು ಮುಂದೆ ಹೋಗಲು ಆಗಲ್ಲ ಅಲ್ವಾ? ಹುಡುಕಿದೆ. ವೆನ್ಮನ್ ಅಂದರೆ ಮನೆ ಥಾಮಸ್‌ನ ಸಹೋದರಿ ಆ್ಯನ್‌ಳ ಮಗ, ಹುಟ್ಟಿನಿಂದ ರಾಬರ್ಟ್ಸ್ ಮನೆತನದವನು. ಅಂದರೆ ಸೋದರಳಿಯ. ಅವನು ಮುಂದೆ ಕುಕ್ ಎಂಬ ಹೆಸರನ್ನು ಹಾಕಿಕೊಂಡ. ಹೊಲದ ಥಾಮಸ್ ಇವನ ಮಗ.

ಮುಂದೆ ಇನ್ನೊಬ್ಬ ನೆಫ್ಯೂ. ಹೊಲದ ಥಾಮಸ್‌ನ ಮೊದಲ ಹೆಂಡತಿ ಜೇನ್ ಡಟನ್‌ಗೆ ಮೂವರೂ ಹೆಣ್ಣುಮಕ್ಕಳು. 1800ರಲ್ಲಿ ಅವಳು ತೀರಿಕೊಂಡ ಮೇಲೆ ಬಹಳ ವರ್ಷ ವಾರಸುದಾರ ಅಂತ ಎಲ್ಲರೂ ನೋಡುತ್ತಿದ್ದದ್ದು ನೆಫ್ಯೂ ವಿಲಿಯಂನನ್ನು. ಇವನು ಹೊಲದ ಥಾಮಸ್‌ನ ತಮ್ಮ ಎಡ್ವರ್ಡ್‌ನ ಮಗ. ಹೆಸರು ಬದಲಿಸುವ ಮಾತೇ ಇಲ್ಲ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಪದ. ಒಬ್ಬನ ಹೆಸರು ಯಾಕೆ ಬದಲಾಯಿತು, ಇನ್ನೊಬ್ಬನದು ಯಾಕೆ ಬೇಕಾಗಲಿಲ್ಲ ಅನ್ನುವುದು ಕನ್ನಡದಲ್ಲಿ ತಾನಾಗೇ ಹೊರಗೆ ಬಿತ್ತು.

ಆದರೆ ವಿಲಿಯಂಗೆ ಆಸ್ತಿ ಸಿಗಲಿಲ್ಲ. 1822ರ ಫೆಬ್ರುವರಿಯಲ್ಲಿ 67ರ ಥಾಮಸ್ 18ರ ಆ್ಯನ್ ಕೆಪ್ಪೆಲ್‌ಳನ್ನು ಮದುವೆಯಾದ. ಅದೇ ತಿಂಗಳು, ಕೆಲವೇ ದಿನ ಮೊದಲು, ಅವಳ ಅಪ್ಪನೂ ಎರಡನೇ ಮದುವೆ ಆಗಿದ್ದ. ಆ ಮದುಮಗಳು ಥಾಮಸ್‌ನ ಸಹೋದರಿಯ ಮಗಳು! ಅಂದರೆ ಸೋದರ ಸೊಸೆಯೇ ಅವನಿಗೆ ಅತ್ತೆಯಾದಳು. ಈ ಗೆರೆ ಎಳೆಯುವಾಗ ಎರಡು ಸಲ ಅಳಿಸಿ ಬರೆದೆ. ಅಮ್ಮನಿಗೆ ಹೇಳಿದೆ. “ಅಕ್ಕನ ಮಗಳನ್ನ ಮದುವೆ ಆಗೋದು ಕೇಳಿದ್ದೀನಿ, ಅತ್ತೆ ಮಾಡ್ಕೊಳ್ಳೋದು ಇದೇ ಮೊದಲು” ಅಂದರು.

ಅದೇ ಡಿಸೆಂಬರಿನಲ್ಲಿ ಮರಿ ಥಾಮಸ್ ಹುಟ್ಟಿದ. ಅವನು 1909ರವರೆಗೆ ಬದುಕಿದ. ಅಪ್ಪ, ಮಗ ಇಬ್ಬರೇ ಸೇರಿ 155 ವರ್ಷ!

ರಾಜಕೀಯ ಬೇಗ ಮುಗಿಯಿತು. 1776ರಲ್ಲಿ ವೆನ್ಮನ್ ಸತ್ತಾಗ ಆಸ್ತಿಯಂತೆ ಪಾರ್ಲಿಮೆಂಟಿನ ನಾರ್ಫೋಕ್ ಸೀಟೂ ಮಗನಿಗೆ ಬಂತು. ಆಗ ವಯಸ್ಸು 22. ಅಮೆರಿಕದ ಮೇಲಿನ ಯುದ್ಧ ಬೇಡ ಎಂದ ವಿಗ್ ಪಕ್ಷದವನು. 1784ರಿಂದ 1790ರವರೆಗೆ ಹೊರಗಿದ್ದ. ಆಮೇಲೆ 1832ರವರೆಗೆ ಸದಸ್ಯ. 1837ರಲ್ಲಿ, 83ನೇ ವಯಸ್ಸಿನಲ್ಲಿ, ಲೆಸ್ಟರ್‌ನ ಅರ್ಲ್ ಎಂಬ ಪದವಿ ಸಿಕ್ಕಿತು.

ಬೇಸಾಯದ ಭಾಗದಲ್ಲಿ ಒಂದು ವಾಕ್ಯ ಹೊಡೆದು ಹಾಕಬೇಕಾಯಿತು. ಟರ್ನಿಪ್, ಬಾರ್ಲಿ, ಕ್ಲೋವರ್ ಎಂಬ ಮೇವು, ಗೋಧಿ ಎಂದು ವರ್ಷಕ್ಕೊಂದು ಬೆಳೆ ಬದಲಿಸುವ ಪದ್ಧತಿ ಅವನೇ ಕಂಡುಹಿಡಿದದ್ದು ಎಂದು ಬರೆದಿದ್ದೆ. ಸುಳ್ಳು. ನಾರ್ಫೋಕ್‌ನಲ್ಲಿ ಅದು ಅವನಿಗಿಂತ ಮೊದಲೇ ಇತ್ತು. ಅವನು ಮಾಡಿದ್ದು ಊರಿಗೆಲ್ಲ ಹಬ್ಬಿಸುವ ಕೆಲಸ. ಹೋಲ್ಕಂನಲ್ಲಿ ಕುರಿ ಉಣ್ಣೆ ಕತ್ತರಿಸುವ ಹೊತ್ತಿಗೆ ದೊಡ್ಡ ಮೇಳ ಸೇರಿಸಿ, ರೈತರನ್ನೂ ದೊಡ್ಡವರನ್ನೂ ಕರೆದು ಹೊಲ ತೋರಿಸುತ್ತಿದ್ದ. ಕೊನೆಯ ಮೇಳ 1821ರಲ್ಲಿ. ನನಗಂತೂ ಕಂಡುಹಿಡಿದವನಿಗಿಂತ ಈ ಥಾಮಸ್ಸೇ ಜಾಸ್ತಿ ಇಷ್ಟ.

ಲೇಖನ ಮುಗಿಯಿತು ಅನ್ನುವಾಗ ದೊಡ್ಡ ಮಗಳ ಗೆರೆ ಬಾಕಿ ಇತ್ತು. ಅವಳ ಮಗಳು ಜೇನ್ ಡಿಗ್ಬಿ ಹುಟ್ಟಿದ್ದು 1807ರಲ್ಲಿ. ಅಜ್ಜನ ಹೊಸ ಹೆಂಡತಿ ಅವಳಿಗಿಂತ ನಾಲ್ಕೇ ವರ್ಷ ದೊಡ್ಡವಳು. ಸೋದರಮಾವ ಮರಿ ಥಾಮಸ್ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು! ಜೇನ್‌ಳ ಮೊದಲ ಗಂಡ ಲಾರ್ಡ್ ಎಲೆನ್‌ಬರೋ, ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದವನು. ಅಷ್ಟರಲ್ಲಿ ಅವರ ವಿಚ್ಛೇದನ ಆಗಿ ಹನ್ನೆರಡು ವರ್ಷ ಕಳೆದಿತ್ತು. ಅವಳು ಕೊನೆಗೆ ಒಬ್ಬ ಅರಬ್ ಶೇಖ್‌ನನ್ನು ಮದುವೆಯಾಗಿ 1881ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡಳು. ಅಷ್ಟು ದೂರ ಗೆರೆ ಎಳೆಯಲು ಡಿಸೆಂಬರ್ ಹಾಳೆ ಸಾಲಲಿಲ್ಲ. ಪಕ್ಕಕ್ಕೆ ನವೆಂಬರನ್ನು ಅಂಟಿಸಿದೆ.