‘ಬೋರ್ಡ್ ಹೋಗಿದೆ’ ಅಂದರು, ನಾನು ಡಬ್ಬಿ ಬಿಚ್ಚಿದೆ

ನಮ್ಮ ಮನೆ ಕುಮಟಾದ ಹೆಡ್ ಬಂದರಿಗೆ ಹತ್ತಿರ. ರಾತ್ರಿ ಮಲಗಿದರೆ ಸಮುದ್ರದ ಸದ್ದು ಕೇಳುತ್ತದೆ. ಕಿಟಕಿ ಸರಳಿಗೆ ಆಗಾಗ ಬಣ್ಣ ಹೊಡೆಯದಿದ್ದರೆ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತದೆ. ಇಂಥ ಉಪ್ಪು ಗಾಳಿಯಲ್ಲಿ 2014ರಲ್ಲಿ ತಂದ ಡೆಸ್ಕ್‌ಟಾಪ್ ಒಂದನ್ನು ಇಟ್ಟುಕೊಂಡು ಡಿಟಿಪಿ ಮಾಡುತ್ತೇನೆ. ಮದುವೆ ಕರೆಯೋಲೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಎಲ್ಲ ಅದರಲ್ಲೇ.

ಒಂದು ಜುಲೈಯಲ್ಲಿ ಪ್ಲಗ್ ಕಿತ್ತಿಟ್ಟು ಶಿರಸಿಗೆ ಹೋದವರು ಹತ್ತು ದಿನ ಬಿಟ್ಟು ಬಂದೆವು. ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು. ಒಳಗಿಂದ ‘ಬೀಪ್, ಬೀಪ್’ ಅಂತ ನಿಲ್ಲದ ಕೂಗು. ಪರಿಚಯದ ಅಂಗಡಿಯವರಿಗೆ ಫೋನ್ ಮಾಡಿದರೆ, ‘ಮದರ್‌ಬೋರ್ಡ್ ಹೋಗಿದೆ, ಹಳೇದು, ಹೊಸ ಸಿಸ್ಟಮ್ ತಗೊಳ್ಳಿ’ ಅಂದರು. ನೋಡದೇ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಹೇಗೂ ಹೋಗಿದ್ದೇ ಆದರೆ ನಾನು ಬಿಚ್ಚಿ ಇನ್ನೇನು ಹಾಳಾಗುತ್ತದೆ, ಅಲ್ವಾ?

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಸುಮ್ನೆ ಹತ್ತು ಸೆಕೆಂಡು ಒತ್ತಿ ಹಿಡಿದೆ. ಒಳಗೆ ಉಳಿದ ಕರೆಂಟು ಅದರಿಂದ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್, ಅಂದರೆ ಮೈಮೇಲೆ ಕೂಡಿ ಚಿಪ್ಪಿಗೆ ಹಾನಿ ಮಾಡಬಲ್ಲ ಕರೆಂಟು, ಕಳೆದುಕೊಂಡೆ. ನಮ್ಮ ಮಳೆಗಾಲದ ತೇವದಲ್ಲಿ ಸ್ಟ್ಯಾಟಿಕ್ ಕಾಟ ಕಡಿಮೆ. ಧಾರವಾಡದ ಕಡೆಯ ಒಣ ಚಳಿಗಾಲದಲ್ಲಾದರೆ ಇದನ್ನು ಮರೆಯಬಾರದು. ಆಮೇಲೆ ಎಡಬದಿಯ ಬಾಗಿಲಿನ ಎರಡು ಸ್ಕ್ರೂ ತೆಗೆದೆ.

ಮೊದಲು ಕಂಡಿದ್ದು ಹಲ್ಲಿ ಮೊಟ್ಟೆಯ ಸಿಪ್ಪೆ, ಏಳೆಂಟು. ಡಬ್ಬಿಯ ಹಿಂಬದಿಯ ಒಂದು ತಗಡಿನ ಪಟ್ಟಿ ಬಿದ್ದುಹೋಗಿ ತೂತಾಗಿತ್ತು. ಬಾಡಿಗೆ ಇಲ್ಲದ ಬೆಚ್ಚನೆ ಮನೆ ಅಂತ ಹಲ್ಲಿಗೆ ಗೊತ್ತಾಗಿತ್ತು.

ಹತ್ತಿರ ಕೂತಿದ್ದ ಅಕ್ಕನ ಮಗ, ಪಿಯುಸಿ ಹುಡುಗ, ಕೇಳಿದ: ‘ಮಾವ, ಈ ಸಿಪಿಯುದಲ್ಲಿ ಸಿಪಿಯು ಯಾವುದು?’ ತಮಾಷೆಗೆ ಕೇಳಿದ್ದಲ್ಲ. ನಾವೆಲ್ಲ ಡಬ್ಬಿಗೇ ಸಿಪಿಯು ಅನ್ನುತ್ತೇವೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಫ್ಯಾನಿನ ಕೆಳಗೆ ಅಡಗಿರುತ್ತದೆ. ನನ್ನದು ನಾಲ್ಕನೇ ಜನರೇಶನ್ನಿನ ಕೋರ್ ಐ3. ಪ್ರತಿ ಬದಿ ನಾಲ್ಕು ಸೆಂಟಿಮೀಟರ್ ಕೂಡ ಇಲ್ಲದ ಚೌಕ. ಲೆಕ್ಕವೆಲ್ಲ ಮಾಡುವುದು ಅದೇ. ಚಿತ್ರ ತೋರಿಸುವ ಭಾಗವೂ ಅದರೊಳಗೇ ಇದೆ, ಹಾಗಾಗಿ ನನ್ನದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದು ಕೂತಿರುವ ದೊಡ್ಡ ಹಸಿರು ಹಲಗೆಯೇ ಮದರ್‌ಬೋರ್ಡ್. ಉಳಿದ ಎಲ್ಲವೂ ಬಂದು ಸೇರುವುದು ಅಲ್ಲಿಗೆ.

ಬೀಪ್ ಕೂಗು ಇದ್ದದ್ದೇ ಒಳ್ಳೆಯ ಸುದ್ದಿ. ಬೋರ್ಡ್ ಮತ್ತು ಪ್ರೊಸೆಸರ್ ಪೂರ್ತಿ ಸತ್ತಿದ್ದರೆ ಕೂಗುವವರು ಯಾರು? ಎಷ್ಟು ಬೀಪಿಗೆ ಏನರ್ಥ ಅನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಆದರೆ ನಿಲ್ಲದೆ ಕೂಗಿದರೆ ನಾನು ಮೊದಲು ನೋಡುವುದು ರ್‍ಯಾಮ್. ಕೆಲಸ ನಡೆಯುವಾಗ ಬೇಕಾದದ್ದನ್ನು ಹರವಿಕೊಳ್ಳುವ ಮೇಜು ಅದು. ಕರೆಂಟು ಹೋದರೆ ಮೇಜು ಖಾಲಿ. ನನ್ನದು ಡಿಡಿಆರ್3 ಅನ್ನುವ ಜಾತಿಯ ರ್‍ಯಾಮ್, 4 ಜಿಬಿಯ ಎರಡು ಪಟ್ಟಿ. ಎರಡೂ ತುದಿಯ ಕ್ಲಿಪ್ ಹೊರಗೆ ತಳ್ಳಿದರೆ ಪಟ್ಟಿ ಮೇಲೆ ಬರುತ್ತದೆ. ಕೆಳ ಅಂಚಿನಲ್ಲಿ ಬಂಗಾರದ ಬಣ್ಣದ ಗೆರೆಗಳಿವೆ, ಎರಡೂ ಬದಿ ಸೇರಿ 240. ಹೊಳೆಯಬೇಕಾದ ಆ ಗೆರೆಗಳು ಮಂಕಾಗಿದ್ದವು. ಉಪ್ಪು, ತೇವ, ಧೂಳು ಸೇರಿ ಕಟ್ಟಿದ ತೆಳು ಪೊರೆ. ಸ್ಲಾಟಿಗೂ ಪಟ್ಟಿಗೂ ಸಂಪರ್ಕ ತಪ್ಪಲು ಅಷ್ಟೇ ಸಾಕು.

ಹುಡುಗನ ಕಂಪಾಸ್ ಪೆಟ್ಟಿಗೆಯಿಂದ ಮೆತ್ತನೆ ಪೆನ್ಸಿಲ್ ರಬ್ಬರ್ ತೆಗೆದುಕೊಂಡೆ. ಗೆರೆಗಳ ಮೇಲೆ ಹಗುರವಾಗಿ ಉಜ್ಜಿದೆ, ಬೋರ್ಡಿನಿಂದ ದೂರ ಕೂತು. ರಬ್ಬರಿನ ಚೂರು ಸ್ಲಾಟಿಗೆ ಬಿದ್ದರೆ ಹೊಸ ರಗಳೆ. ಸ್ಲಾಟನ್ನು ಒಣ ಬ್ರಷ್ಷಿನಿಂದ ಗುಡಿಸಿದೆ. ಪಟ್ಟಿಯ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂತರೆ ಮಾತ್ರ ಒತ್ತಬೇಕು. ಎರಡೂ ಕಡೆ ‘ಟಕ್’ ಅನ್ನಬೇಕು.

ಇಲ್ಲಿಗೆ ನಿಲ್ಲಿಸಿ ಆನ್ ಮಾಡಿ ನೋಡಬೇಕಿತ್ತು. ಮಾಡಲಿಲ್ಲ. ಹೇಗೂ ಬಿಚ್ಚಿದ್ದೇನಲ್ಲ ಅಂತ ಪ್ರೊಸೆಸರ್ ಫ್ಯಾನನ್ನೂ ಕಿತ್ತೆ. ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿತ್ತು. ಪ್ರೊಸೆಸರಿನ ಬಿಸಿಯನ್ನು ಮೇಲಿನ ಅಲ್ಯೂಮಿನಿಯಂಗೆ ದಾಟಿಸುವುದು ಈ ಪೇಸ್ಟ್. ಒರೆಸಿ, ಬಟಾಣಿಗಿಂತ ಚಿಕ್ಕ ಒಂದು ಬೊಟ್ಟು ಹೊಸದು ಇಟ್ಟು, ಫ್ಯಾನಿನ ನಾಲ್ಕು ಕಾಲನ್ನು ಎದುರು ಬದುರು ಮೂಲೆಯಂತೆ ಒತ್ತಿ ಕೂರಿಸಿದೆ. ಪ್ರೊಸೆಸರನ್ನು ಮಾತ್ರ ಎತ್ತಲಿಲ್ಲ. ಕೆಳಗಿನ ಸಾಕೆಟ್ಟಿನಲ್ಲಿ ಕೂದಲಿನಂಥ 1150 ಪಿನ್ನುಗಳಿವೆ. ಒಂದು ಬಾಗಿದರೂ ಅಂಗಡಿಯವರ ಮಾತೇ ನಿಜವಾಗುತ್ತಿತ್ತು.

ಆನ್ ಮಾಡಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಈಗ ಬೀಪೂ ಇಲ್ಲ! ಎದೆ ಧಸಕ್ ಅಂತು. ಆಯಿ ಬಾಗಿಲಲ್ಲಿ ನಿಂತು ಚಾ ಲೋಟ ಹಿಡಿದುಕೊಂಡು ಏನೂ ಹೇಳದೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಎಸ್‌ಎಂಪಿಎಸ್ ಅಂದರೆ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಹಂಚುವ ಡಬ್ಬಿ. ಅದರಿಂದ ಬೋರ್ಡಿಗೆ 24 ಪಿನ್ನಿನ ಅಗಲ ಕನೆಕ್ಟರ್ ಬರುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಪ್ರೊಸೆಸರಿಗೆಂದೇ 4 ಪಿನ್ನಿನ ಇನ್ನೊಂದು ಸಣ್ಣದಿದೆ. ಫ್ಯಾನ್ ತೆಗೆಯಲು ಅಡ್ಡ ಅಂತ ನಾನೇ ಕಿತ್ತಿದ್ದೆ, ಹಾಕಲು ಮರೆತಿದ್ದೆ. ಅದಿಲ್ಲದಿದ್ದರೆ ಫ್ಯಾನ್ ತಿರುಗಿದರೂ ಪ್ರೊಸೆಸರ್ ಎಚ್ಚರವಾಗುವುದಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಎಸ್‌ಎಂಪಿಎಸ್ ಒಳಗೆ ಮಾತ್ರ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ, ಕರೆಂಟು ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರ್ ಶಾಕ್ ಹೊಡೆಯಬಲ್ಲದು.

ಸಿಕ್ಕಿಸಿದೆ. ಒಂದೇ ಬೀಪ್. ಪರದೆ ಬಂತು!

ಬಂದದ್ದು ಮಾತ್ರ 2013ರ ಜನವರಿ 1ಕ್ಕೆ. ಬ್ಯಾಂಕಿನ ಸೈಟ್ ತೆರೆದರೆ ಸುರಕ್ಷಿತವಲ್ಲ ಅಂತ ತಕರಾರು. ತಾರೀಕು ತಪ್ಪಿದರೆ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ. ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದಿತ್ತು. ಸಿಆರ್2032, 3 ವೋಲ್ಟಿನದು. ಪ್ಲಗ್ ಕಿತ್ತಿಟ್ಟಾಗ ಗಡಿಯಾರ ನಡೆಸುವುದು ಅದೇ. ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು.

ಹಾರ್ಡ್ ಡಿಸ್ಕಿಗೆ ನಾನು ಕೈ ಹಚ್ಚಲಿಲ್ಲ. ಫೈಲು, ಫೋಟೋ ಎಲ್ಲ ಇರುವುದು ಅದರಲ್ಲಿ. ಒಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗಳಿವೆ. ಮುಂದಿನ ವರ್ಷ ಪಕ್ಕದಲ್ಲೇ ಒಂದು ಎಸ್‌ಎಸ್‌ಡಿ ಹಾಕಿ ವಿಂಡೋಸನ್ನು ಅದಕ್ಕೆ ಸಾಗಿಸಿದೆ. ಅದೂ ಫೈಲು ಇಡುವುದೇ, ಆದರೆ ಒಳಗೆ ತಿರುಗುವ ಭಾಗವೇ ಇಲ್ಲ. ಹಳೆ ಮಷೀನಿಗೆ ಹಾಕಿದ ದುಡ್ಡಿನಲ್ಲಿ ಅದೊಂದೇ ಸಾರ್ಥಕ ಅಂತ ನನ್ನ ಲೆಕ್ಕ.

ಈಗ ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಇಡುತ್ತೇನೆ, ಒಳಗೆ ಬೆಚ್ಚಗಾಗಲಿ ಅಂತ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಇಂಟರ್‌ನೆಟ್ ಕೇಬಲ್ಲನ್ನೂ ಕೀಳುತ್ತೇನೆ. ಹಿಂದಿನ ತೂತಿಗೆ ಸೊಳ್ಳೆ ಜಾಳಿಗೆಯ ತುಂಡು ಅಂಟಿಸಿದ್ದೇನೆ. ಹಲ್ಲಿ ಈಗ ಮಾನಿಟರಿನ ಹಿಂದೆ ಇದೆ.